ಕೂಲರಿನ ಗಡಗಡ, ಪತ್ರಾಸಿನ ಟಕ್ ಟಕ್, ಮೇಲಿನ ಮನೆಯ ರೊಟ್ಟಿ

ಈ ಸಲ ಬಂದ ಪತ್ರಗಳಲ್ಲಿ ನಿದ್ದೆ ಕೆಟ್ಟವರದೇ ಜಾಸ್ತಿ. ಮೂರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಲಬುರಗಿಯಲ್ಲಿ ಬಾಡಿಗೆ ಮನೆ ನಮ್ಮದು. ಕಿಟಕಿಗೆ ಕಬ್ಬಿಣದ ಕೂಲರ್ ಇಟ್ಟಿದ್ದೇವೆ. ಹಚ್ಚಿದರೆ ಗಡಗಡ ಸದ್ದಿಗೆ ನಿದ್ದೆ ಇಲ್ಲ, ಬಂದ್ ಮಾಡಿದರೆ ಝಳಕ್ಕೆ ನಿದ್ದೆ ಇಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡೂ ನೋಡಿದೆ. ಮನೆಯವರು ಹೊಸದು ತರೋಣ ಅಂತಾರೆ. ತರಬೇಕಾ?

ಉತ್ತರ: ಇಷ್ಟು ಬೇಗ ತರಬೇಡಿ ಅಕ್ಕಾ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರು ನಮ್ಮದು, ಕೂಲರ್ ಬಂದ್ ಮಾಡಿ ಮಲಗಿ ಅಂತ ಹೇಳೋಕೆ ನನಗೂ ಬಾಯಿ ಬರಲ್ಲ. ಆದರೆ ಒಂದು ಗಮನಿಸಿ. ಫ್ಯಾನಿನ ಭರ್ರ್ ಸದ್ದು ಒಂದೇ ಸಮ ಬಂದರೆ ಸ್ವಲ್ಪ ಹೊತ್ತಿಗೆ ಕಿವಿಗೆ ರೂಢಿಯಾಗುತ್ತದೆ, ಎಷ್ಟೋ ಮಂದಿಗೆ ಅದಿಲ್ಲದೆ ನಿದ್ದೆಯೇ ಹತ್ತಲ್ಲ. ಎಬ್ಬಿಸೋದು ನಡುನಡುವೆ ಬರೋ ಸದ್ದು. ಐದು ನಿಮಿಷ ಸುಮ್ನಿದ್ದು ಗಡಗಡ, ಮತ್ತೆ ಸುಮ್ಮನೆ, ಮತ್ತೆ ಗಡಗಡ. ಹಿಡಿಯಬೇಕಾದ್ದು ಅದನ್ನು.

ಹಿಡಿಯೋದು ಹೀಗೆ. ಕೂಲರ್ ಓಡುತ್ತಿರುವಾಗ ಒಂದು ಒಣ ಕಟ್ಟಿಗೆಯಿಂದ, ಲಟ್ಟಣಿಗೆ ಆದರೂ ನಡೆಯುತ್ತೆ, ಅದರ ಒಂದೊಂದು ಬದಿಯನ್ನೂ ಮೆಲ್ಲಗೆ ಒತ್ತಿ. ಎಲ್ಲಿ ಒತ್ತಿದಾಗ ಗಡಗಡ ನಿಲ್ಲುತ್ತದೋ ಅಲ್ಲೇ ಸಡಿಲ ಇದೆ. ಕೈಯಿಂದ ಮಾತ್ರ ಮುಟ್ಟಬೇಡಿ. ಕಬ್ಬಿಣದ ಮೈ, ಒಳಗೆ ನೀರು, ಅರ್ಥಿಂಗ್ ಸರಿ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಸಡಿಲ ಜಾಗ ಸಿಕ್ಕ ಮೇಲೆ ಪ್ಲಗ್ ಕಿತ್ತು, ನಟ್ಟು ಬಿಗಿ ಮಾಡಿ, ಸ್ಟ್ಯಾಂಡಿಗೂ ಕೂಲರಿಗೂ ನಡುವೆ ಹಳೆ ಸೈಕಲ್ ಟ್ಯೂಬಿನ ನಾಲ್ಕು ತುಂಡು ಮಡಚಿ ಇಡಿ. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ.

ಆಮೇಲೆ ಫ್ಯಾನಿನ ರೆಕ್ಕೆ ನೋಡಿ. ಬೋರ್ ನೀರು ಹಾಕುವವರಾದರೆ ರೆಕ್ಕೆ ಮೇಲೆ ಬಿಳಿ ಪಕ್ಕು ಕಟ್ಟಿರುತ್ತದೆ, ಒಂದರ ಮೇಲೆ ಜಾಸ್ತಿ, ಇನ್ನೊಂದರ ಮೇಲೆ ಕಡಿಮೆ. ತೂಕ ಒಂದೇ ಸಮ ಇಲ್ಲದಿದ್ದರೆ ಅದು ತಿರುಗುವಾಗ ಇಡೀ ಡಬ್ಬಿಯನ್ನೇ ಅಲುಗಾಡಿಸುತ್ತೆ. ಲಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿದರೆ ಹೋಗುತ್ತದೆ. ನಡುರಾತ್ರಿ ಗುಳುಗುಳು ಸದ್ದು ಶುರುವಾದರೆ ನೀರು ತಳ ಕಂಡು ಪಂಪು ಗಾಳಿ ಎಳೆಯುತ್ತಿದೆ ಅಂತ, ಮಲಗೋ ಮುಂಚೆ ತುಂಬಿಸಿಡಿ.

ಇಷ್ಟೆಲ್ಲ ಮಾಡಿಯೂ ಸದ್ದು ಬಂದರೆ? ಕೂಲರನ್ನೇ ಬೈಯಬೇಡಿ. ನಾನು ಎರಡು ತಿಂಗಳು ಬೈದಿದ್ದೇನೆ, ಮೆಕ್ಯಾನಿಕ್ಕನ್ನು ಎರಡು ಸಲ ಕರೆಸಿ ದುಡ್ಡೂ ಕೊಟ್ಟಿದ್ದೇನೆ. ಒಂದು ರಾತ್ರಿ ನಮ್ಮ ಅತ್ತೆ ನೀರು ಕುಡಿಯೋಕೆ ಎದ್ದವರು ಫ್ರಿಜ್ ಮೇಲಿದ್ದ ಸ್ಟೀಲ್ ತಾಟು ತೆಗೆದು ಕಟ್ಟೆ ಮೇಲಿಟ್ಟರು, ಸದ್ದು ಟಕ್ಕಂತ ನಿಂತಿತು! ಫ್ರಿಜ್ಜಿನ ಕಂಪ್ರೆಸರ್ ಶುರುವಾದಾಗಲೆಲ್ಲ ಆ ತಾಟು ನಡುಗುತ್ತಿತ್ತು, ಕಂಪ್ರೆಸರ್ ನಿಂತಾಗ ತಾಟೂ ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಬಂದದ್ದು ಹಗಲು ಹೊತ್ತು, ಆಗ ತಾಟು ಊಟಕ್ಕೆ ಹೋಗಿರುತ್ತಿತ್ತು.

ಹತ್ತಿಯಿಂದ ಅಷ್ಟೇನೂ ಪ್ರಯೋಜನ ಇಲ್ಲ. ಮೆಡಿಕಲ್ ಅಂಗಡಿಯಲ್ಲಿ ಮೆತ್ತನೆ ಇಯರ್ ಪ್ಲಗ್ ಸಿಗುತ್ತವೆ, ಅವು ಮೇಲು. ಆದರೆ ಮನೆಯಲ್ಲಿ ಕೂಸಿದ್ದರೆ ಅದೂ ಬೇಡ, ಅತ್ತರೆ ಕೇಳಬೇಕಲ್ವಾ.

ಪ್ರಶ್ನೆ: ಯಾದಗಿರಿ ಹತ್ತಿರದ ಹಳ್ಳಿ ನಮ್ಮದು. ಮಾಳಿಗೆ ಮೇಲೆ ಪತ್ರಾಸ್ ಹಾಕಿ ಒಂದು ಖೋಲಿ ಮಾಡಿದ್ದೇವೆ. ಹೊತ್ತು ಮುಳುಗಿದ ಮೇಲೆ ಟಕ್ ಟಕ್ ಸದ್ದು, ಯಾರೋ ಮೇಲೆ ಓಡಾಡಿದಂಗೆ. ಮಕ್ಕಳು ಅಲ್ಲಿ ಮಲಗಲು ಒಲ್ಲೆ ಅಂತಾವೆ.

ಉತ್ತರ: ಯಾರೂ ಓಡಾಡುತ್ತಿಲ್ಲ, ಮಕ್ಕಳಿಗೆ ಹೇಳಿ. ಹಗಲು ಕಾದ ತಗಡು ರಾತ್ರಿ ಕುಗ್ಗುತ್ತದೆ. 20 ಅಡಿ ಉದ್ದದ ಪತ್ರಾಸ್ 30 ಡಿಗ್ರಿ ತಣ್ಣಗಾದರೆ ಸುಮಾರು 2 ಮಿಲಿಮೀಟರ್ ಕುಗ್ಗುತ್ತದೆ. ಬೋಲ್ಟು ಅದನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಎಳೆದೆಳೆದು ಒಮ್ಮೆಲೇ ಜಾರಿದಾಗ ಟಕ್. ತಗಡು ಪೂರಾ ತಣ್ಣಗಾದ ಮೇಲೆ ತಾನೇ ನಿಲ್ಲುತ್ತದೆ. ಪೂರ್ತಿ ಹೋಗಿಸೋಕೆ ಆಗಲ್ಲ, ಆದರೆ ಕಡಿಮೆ ಮಾಡಬಹುದು. ಬೋಲ್ಟಿನ ಕೆಳಗಿನ ರಬ್ಬರ್ ವಾಶರ್ ಸೀಳಿದ್ದರೆ ಬದಲಿಸಿ. ಮೇಲೆ ಬಿಳಿ ಬಣ್ಣ ಬಳಿಸಿ, ಹಗಲು ಕಾಯೋದೇ ಕಡಿಮೆಯಾದರೆ ರಾತ್ರಿ ಕುಗ್ಗೋದೂ ಕಡಿಮೆ, ಜೊತೆಗೆ ಖೋಲಿಯೂ ತಂಪು. ಬೆಳಗಿನ ಜಾವ ದಡಬಡ ಕೇಳಿದರೆ ಮಾತ್ರ ಬೇರೆ ಲೆಕ್ಕ. ಗಾಳಿಗೆ ತಗಡು ಎದ್ದು ಬಡಿಯುತ್ತಿರಬಹುದು, ಮಳೆಗಾಲದ ಮುಂಚೆ ಬಿಗಿ ಮಾಡಿಸಿ. ಇಲ್ಲಾ ಬೆಕ್ಕು.

ಪ್ರಶ್ನೆ: ಬೀದರಿನಲ್ಲಿ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೇವೆ. ನನಗೆ ರಾತ್ರಿ ಪಾಳಿ, ಮಲಗೋದೇ ಮೂರಕ್ಕೆ. ಮೇಲೆ ಮಾಲೀಕರ ಮನೆ, ನಸುಕಿನ ಐದಕ್ಕೇ ಜೋಳದ ರೊಟ್ಟಿ ಬಡಿಯೋಕೆ ಶುರು. ದಪ್ ದಪ್ ನೆತ್ತಿ ಮೇಲೇ ಬಡಿದಂಗೆ. ಇದಕ್ಕೆ ಕಾನೂನು ಇದೆಯಾ?

ಉತ್ತರ: ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಜನ ವಾಸಿಸುವ ಪ್ರದೇಶದಲ್ಲಿ 45 ಡೆಸಿಬಲ್ ಮಿತಿ. ಆದರೆ ಮಾಲೀಕರ ರೊಟ್ಟಿ ಮೇಲೆ ಠಾಣೆಗೆ ಹೋಗುತ್ತೀರಾ? ಪೊಲೀಸರು ನಗುತ್ತಾರೆ, ನೀವು ಹೊಸ ಮನೆ ಹುಡುಕಬೇಕಾಗುತ್ತದೆ.

ಗಾಳಿಯಲ್ಲಿ ಬರೋ ಸದ್ದಾದರೆ ಬಾಗಿಲು ಹಾಕಿ ತಡೆಯಬಹುದು. ಇದು ಸ್ಲ್ಯಾಬಿನೊಳಗಿಂದ ಇಳಿಯುತ್ತದೆ, ಕೆಳಗೆ ನೀವು ಏನು ಮಾಡಿದರೂ ಅಷ್ಟೇ. ಮೇಲೆಯೇ ಮೆತ್ತಗೆ ಮಾಡಬೇಕು. ಬಹುಶಃ ಅವರು ಫರ್ಸಿ ಮೇಲೆ ಕೂತು ಬಡಿಯುತ್ತಾರೆ. ಬಡಿಯುವ ಕಲ್ಲಿನ ಕೆಳಗೆ ಹಳೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿದರೆ ಅರ್ಧ ಸದ್ದು ಅಲ್ಲೇ ಸಾಯುತ್ತದೆ. ಇದನ್ನು ನೀವು ಮಾಲೀಕರಿಗೆ ಹೇಳಬೇಡಿ, ನಿಮ್ಮ ಮನೆಯಾಕೆಯಿಂದ ಮೇಲಿನ ಮನೆಯಾಕೆಗೆ ಹೇಳಿಸಿ: "ವೈನಿ, ಇವರು ಮೂರಕ್ಕೆ ಬಂದು ಮಲಗುತ್ತಾರೆ, ಈ ಚೀಲ ಒಂದು ಹಾಸಿಕೊಳ್ಳುತ್ತೀರಾ?" ಚೀಲ ಕೈಯಲ್ಲೇ ಹಿಡಿದು ಹೋಗಲಿ. ಬರುವಾಗ ಎರಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರೆ ಬೇಡ ಅನ್ನಬೇಡಿ.