ಫಾರಂನಿಂದ ಬಿಡಿಸಿ ತಂದ ಬಡಕಲು ಕೋಳಿಯನ್ನು ಮನೆಯ ಕೋಳಿಗಳ ಜೊತೆ ಯಾವಾಗ ಬಿಡಬಹುದು?

ತಂದ ದಿನವೇ ಬಿಡಬಾರದು; ಮೂರು ನಾಲ್ಕು ವಾರ ಪ್ರತ್ಯೇಕವಾಗಿಟ್ಟು, ಮೈ ತುಂಬಿಕೊಂಡು ಪುಕ್ಕ ಬಂದ ಮೇಲೆ, ಮೊದಲು ಜಾಲರಿಯ ಆಚೆ ಈಚೆ ಒಂದು ವಾರ ಪರಸ್ಪರ ಕಾಣುವಂತೆ ಇರಿಸಿ ನಂತರ ಸೇರಿಸಬೇಕು.

ಕೋಳಿಗಳ ಗುಂಪಿನಲ್ಲಿ ಯಾವುದು ಮೊದಲು ಮೇಯಬೇಕು, ಯಾವುದು ಯಾವುದನ್ನು ಕುಕ್ಕಬಹುದು ಎಂಬ ಶ್ರೇಣಿಯೊಂದು ಇರುತ್ತದೆ. ಹೊಸ ಕೋಳಿ ಬಂದೊಡನೆ ಆ ಶ್ರೇಣಿ ಜಗಳದ ಮೂಲಕವೇ ಮತ್ತೆ ನಿರ್ಧಾರವಾಗುವುದರಿಂದ, ಎದುರಿಸಲೂ ಓಡಲೂ ತ್ರಾಣವಿಲ್ಲದ ಕೋಳಿ ಮೇವು ನೀರಿನ ಬಳಿಗೇ ಸುಳಿಯಲಾರದೆ ಸೊರಗುತ್ತದೆ. ಬೋಳು ಮೈಯಲ್ಲಿ ರಕ್ತ ಕಾಣಿಸಿತೆಂದರೆ ಉಳಿದವೂ ಅಲ್ಲೇ ಕುಕ್ಕುತ್ತವೆ. ಪ್ರತ್ಯೇಕವಾಗಿಡುವುದರಿಂದ ರಾಣಿಖೇತ್, ಅಂದರೆ ಕೊಕ್ಕರೆ ರೋಗದಂತಹ ಸೋಂಕಿದ್ದರೆ ಅದೂ ಗುಂಪಿಗೆ ತಗಲುವ ಮೊದಲೇ ಬಯಲಾಗುತ್ತದೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಎರಚಿದರೆ ಸಾಕೆಂದುಕೊಳ್ಳುವವರೇ ಹೆಚ್ಚು. ಆದರೆ ಅದಷ್ಟೇ ಸಾಲದು; ಪುಕ್ಕದ ಬಹುಪಾಲು ಪ್ರೋಟೀನ್ ಆದ್ದರಿಂದ ಮೊಟ್ಟೆ ಕೋಳಿಯ ಆಹಾರವನ್ನೇ ನೆನೆಸಿ ಕೊಡಿ, ಜೊತೆಗೆ ಆಗಾಗ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಹಾಕಿ. ಪುಕ್ಕ ಉದುರಿದ ಕೋಳಿಗೆ ಮಾಗಿಯ ಚಳಿ ತಡೆಯದು. ರಾತ್ರಿ ಒಣ ಹುಲ್ಲಿನ ಹಾಸು ಬೇಕು.

ಸೇರಿಸುವ ದಿನ ಕತ್ತಲಾದ ಮೇಲೆ ಗೂಡಿನೊಳಗೆ ಬಿಡಿ, ಬೆಳಿಗ್ಗೆಯಿಂದ ಮೇವು ನೀರನ್ನು ಎರಡು ಕಡೆ ಇಡಿ. ಒಂದೆರಡು ಕುಕ್ಕು ಸಹಜ. ರಕ್ತ ಬಂದರೆ ಮಾತ್ರ ತಕ್ಷಣ ಬೇರ್ಪಡಿಸಿ.