ಲೂಸಿಯನ್ ಫ್ರಾಯ್ಡ್ ಮೈಬಣ್ಣ ಹೇಗೆ ಕಟ್ಟುತ್ತಿದ್ದರು? ನಮ್ಮದು ಯಾಕೆ ರಾಡಿಯಾಗುತ್ತದೆ?

ಬ್ರಿಟಿಷ್ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ಯಾವ ಬಣ್ಣ ಬೆರೆಸುತ್ತಿದ್ದರು, ಅವರ ಹಾಗೆ ಮಾಡಲು ಹೋದಾಗ ನಿಮ್ಮ ಚಿತ್ರದಲ್ಲಿ ಮೈ ಯಾಕೆ ಬೂದುಬೂದಾಗುತ್ತದೆ ಅಂತ ಕೇಳಿದ್ದೀರಿ. ಬಣ್ಣದ ಪಟ್ಟಿ ಹುಡುಕುವ ಮೊದಲು ಅವರ ಬ್ರಷ್ಷು, ಅವರ ಬಿಳಿ, ಒಂದು ಚಿತ್ರಕ್ಕೆ ಅವರು ಕೊಡುತ್ತಿದ್ದ ಸಮಯ, ಈ ಮೂರನ್ನು ನೋಡಿ.

ಹುಟ್ಟಿದ್ದು 1922ರಲ್ಲಿ, ಬರ್ಲಿನ್‌ನಲ್ಲಿ; ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಅವರ ಮೊಮ್ಮಗ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಈ ಯಹೂದಿ ಕುಟುಂಬ ಇಂಗ್ಲೆಂಡ್ ಸೇರಿತು. ಅವರ ಶುರುವಿನ ಚಿತ್ರಗಳನ್ನು ನೋಡಿದರೆ ಇವರೇನಾ ಅವರು ಅನಿಸುತ್ತದೆ. 1950–51ರ ‘ಗರ್ಲ್ ವಿತ್ ಎ ವೈಟ್ ಡಾಗ್’ನಲ್ಲಿ ಬಣ್ಣ ತೆಳು, ಮೇಲ್ಮೈ ನಯ, ಗೆರೆ ಚೂಪು. ಆಗ ಅವರು ಕೂತು, ಸೇಬಲ್ ಎಂಬ ಪ್ರಾಣಿಯ ಮೆದು ಕೂದಲಿನ ಸಣ್ಣ ಬ್ರಷ್ಷಿನಲ್ಲಿ ಬಿಡಿಸುತ್ತಿದ್ದರು. ಹಾಗೆ ಕೂತು ಮಾಡಿದ ಕೊನೆಯ ಚಿತ್ರ 1954ರ ‘ಹೋಟೆಲ್ ಬೆಡ್‌ರೂಮ್’. ಆಮೇಲೆ ನಿಂತರು, ಹಂದಿ ಕೂದಲಿನ ಗಡಸು ಬ್ರಷ್ ಹಿಡಿದರು. ಗೆಳೆಯ, ಚಿತ್ರಕಾರ ಫ್ರಾನ್ಸಿಸ್ ಬೇಕನ್ ಬಣ್ಣ ಹಾಕುತ್ತಿದ್ದ ಧೈರ್ಯ ಇದಕ್ಕೆ ದೊಡ್ಡ ಪ್ರೇರಣೆ. ನನ್ನ ಪ್ರಕಾರ ಅವರ ಇಡೀ ವೃತ್ತಿಜೀವನದ ದೊಡ್ಡ ತಿರುವು ಇದೇ. ಇದ್ದ ಹೆಸರನ್ನು ಪಣಕ್ಕಿಟ್ಟು ಕೈಯನ್ನೇ ಬದಲಿಸಿಕೊಳ್ಳುವುದು ಸಣ್ಣ ಮಾತಲ್ಲ.

ಇನ್ನು ಬಿಳಿ. 1970ರ ದಶಕದ ನಡುವಿನಿಂದ ಅವರು ಮೈ ಬಿಡಿಸಲು ಕ್ರೆಮ್ನಿಟ್ಸ್ ವೈಟ್ ಬಳಸಿದರು. ಅದು ಸೀಸದ ಬಿಳಿ: ತೂಕ ಜಾಸ್ತಿ, ಗಟ್ಟಿ, ಬ್ರಷ್ಷಿನ ಗುರುತು ಹಾಗೇ ನಿಲ್ಲುತ್ತದೆ. ಬೇರೆ ಬಣ್ಣಗಳನ್ನು ಅದು ನುಂಗುವುದಿಲ್ಲ. ನಿಮ್ಮ ಹತ್ತಿರ ಇರುವುದು ಬಹುಶಃ ಟೈಟೇನಿಯಂ ವೈಟ್. ಅದರ ಒಂದು ಚೂರು ಹೆಚ್ಚಾದರೂ ಮೈಬಣ್ಣ ಸುಣ್ಣ ಬಳಿದಂತೆ ಬಿಳಿಚಿಕೊಂಡು ತಣ್ಣಗಾಗುತ್ತದೆ. ಹಾಗಂತ ಪೂರ್ತಿ ಜಿಂಕ್ ವೈಟ್‌ಗೆ ಹೋಗಬೇಡಿ, ಎಣ್ಣೆಬಣ್ಣದಲ್ಲಿ ಅದರ ಪದರ ಕಾಲಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತದೆ.

ಅವರ ಕ್ರಮ ಹೀಗಿತ್ತು. ಕ್ಯಾನ್ವಾಸಿನ ಮೇಲೆ ಇದ್ದಿಲಿನಲ್ಲಿ ಸಡಿಲವಾಗಿ ರೇಖೆ. ಮುಖವಾದರೆ ನಡುವಿನ ಒಂದು ಜಾಗದಿಂದ ಶುರು. ಅಲ್ಲಿಂದ ಸ್ವಲ್ಪಸ್ವಲ್ಪವೇ ಹೊರಕ್ಕೆ. ಒಂದೊಂದು ಹಚ್ಚಿಗೂ ಬಣ್ಣ ಹೊಸದಾಗಿ ಬೆರೆಸಿ, ಬ್ರಷ್ಷನ್ನು ಬಟ್ಟೆಗೆ ಒರೆಸುತ್ತಿದ್ದರು. ಸ್ಟುಡಿಯೋದ ಫೋಟೋಗಳಲ್ಲಿ ಕಾಣುವ ಚಿಂದಿ ಬಟ್ಟೆಯ ರಾಶಿ ಅದರದ್ದೇ. 2011ರಲ್ಲಿ ತೀರಿಕೊಂಡಾಗ ಮುಗಿಯದೆ ಉಳಿದ ‘ಪೋರ್ಟ್ರೇಟ್ ಆಫ್ ದಿ ಹೌಂಡ್’ ದೊಡ್ಡದಾಗಿ ತೆರೆದು ನೋಡಿ: ಗಂಡಸಿನ ಮೈ ದಪ್ಪ ಬಣ್ಣದಲ್ಲಿ ತುಂಬಿಕೊಂಡಿದೆ, ಕೆಳಗೆ ಕ್ಯಾನ್ವಾಸ್ ಇನ್ನೂ ಖಾಲಿ.

ಹೀಗೆ ಮಾಡಿದರೆ ಸಮಯ ಬೇಕೇ ಬೇಕು. ಚಿತ್ರಕಾರ ಡೇವಿಡ್ ಹಾಕ್ನಿ 2002ರಲ್ಲಿ ಫ್ರಾಯ್ಡ್ ಬಿಡಿಸಿದ ತಮ್ಮ ಚಿತ್ರಕ್ಕೆ ನೂರಕ್ಕೂ ಹೆಚ್ಚು ಗಂಟೆ ಕೂತರು. ರಾಣಿ ಎಲಿಜಬೆತ್ ಅವರ ಚಿತ್ರ ಬರೀ 23.5 × 15.2 ಸೆಂ.ಮೀ., ಆದರೆ 2000ದಲ್ಲಿ ಶುರುವಾಗಿ 2001ರಲ್ಲಿ ಮುಗಿಯಿತು. ನಡುವೆ ಕಿರೀಟ ಸೇರಿಸಲು ಕ್ಯಾನ್ವಾಸನ್ನೇ ಮೇಲಕ್ಕೆ ಬೆಳೆಸಿದರು. ಹಗಲ ಬೆಳಕಿನ ಚಿತ್ರ ಬೇರೆ, ರಾತ್ರಿ ಬಲ್ಬಿನ ಕೆಳಗಿನ ಚಿತ್ರ ಬೇರೆ, ಎರಡನ್ನೂ ಕಲಸುತ್ತಿರಲಿಲ್ಲ. ಹಿನ್ನೆಲೆ ಬಿಡಿಸುವಾಗಲೂ ಮಾಡೆಲ್ ಎದುರಿಗಿರಬೇಕಿತ್ತು, ಏಕೆಂದರೆ ಆ ಮನುಷ್ಯ ಇದ್ದಾಗ ಕೋಣೆಯೇ ಬೇರೆ ಥರ ಕಾಣುತ್ತದೆ ಎಂಬುದು ಅವರ ನಂಬಿಕೆ.

ನಿಮ್ಮ ಬಣ್ಣ ರಾಡಿಯಾಗಲು ಸಾಮಾನ್ಯ ಕಾರಣ ಒರೆಸದ ಬ್ರಷ್ಷು, ಮತ್ತು ಹಸಿ ಬಣ್ಣವನ್ನು ಮತ್ತೆಮತ್ತೆ ತಿಕ್ಕುವುದು. ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನಾ (ಕೆಂಗಂದು), ರಾ ಅಂಬರ್ (ಕಂದು), ಅಲ್ಟ್ರಾಮರೀನ್ (ಗಾಢ ನೀಲಿ) ಮತ್ತು ಬಿಳಿ ಇಷ್ಟರಲ್ಲೇ ಶುರು ಮಾಡಿ. ಒಂದು ಮಿಶ್ರಣದಲ್ಲಿ ಬಿಳಿ ಬಿಟ್ಟು ಎರಡೇ ಬಣ್ಣ ಇರಲಿ. ಟೈಟೇನಿಯಂ ಅನ್ನು ಕೊನೆಯಲ್ಲಿ, ಚೂರುಚೂರೇ ಸೇರಿಸಿ. ಒಂದು ಹಚ್ಚು ಇಟ್ಟ ಮೇಲೆ ಅದನ್ನು ಮುಟ್ಟಬೇಡಿ. ತಪ್ಪಾಗಿದ್ದರೆ ನೈಫಿನಿಂದ ಕೆರೆದು ಹೊಸದಾಗಿ ಇಡಿ. ಮೊದಲು ಇಡೀ ಮೈ ಬೇಡ, ಒಂದು ಮಂಡಿ ಅಥವಾ ಒಂದು ಕೆನ್ನೆ ಸಾಕು. ಫೋಟೋ ನೋಡಿ ಮಾಡಬೇಡಿ, ಕ್ಯಾಮೆರಾದಲ್ಲಿ ನೆರಳಿನೊಳಗಿನ ಹಸಿರು, ನೇರಳೆ ಛಾಯೆಗಳು ಸಾಯುತ್ತವೆ.

ಸೀಸದ ಬಿಳಿಯೇ ಬೇಕು ಅಂತ ತರಿಸಿಕೊಂಡರೆ ಅದು ವಿಷ ಅನ್ನುವುದನ್ನು ಮರೆಯಬೇಡಿ. ಗ್ಲೌಸ್ ಹಾಕಿ, ಕೆಲಸದ ಜಾಗದಲ್ಲಿ ತಿಂಡಿ–ಕಾಫಿ ಬೇಡ, ಮಕ್ಕಳ ಮತ್ತು ಗರ್ಭಿಣಿಯರ ಹತ್ತಿರ ಇಡಲೇಬೇಡಿ, ಒಣಗಿದ ಪದರವನ್ನು ಯಾವ ಕಾರಣಕ್ಕೂ ಉಪ್ಪುಕಾಗದದಿಂದ ಉಜ್ಜಬೇಡಿ.