ಆರು ಸಾವಿರದೊಳಗೆ ಮರಗೆಲಸಕ್ಕೆ ಯಾವ ಜಿಗ್‌ಸಾ ತಗೊಳ್ಳಬಹುದು?

ನಮಸ್ಕಾರ. ನೀವು ಬರೆದಿರುವ ಪ್ರಕಾರ ರಜೆ ಇದ್ದಾಗ ಮನೆಯಲ್ಲೇ ಮರಗೆಲಸ ಮಾಡುತ್ತೀರಿ. ಪ್ಲೈವುಡ್ಡಿನಲ್ಲಿ ಪುಸ್ತಕದ ಶೆಲ್ಫು, ಮಕ್ಕಳಿಗೆ ಸ್ಟೂಲು, ಜೊತೆಗೆ ಪರಿಚಯದವರ ಮನೆಗಳಿಗೆ ಕನ್ನಡ ಅಕ್ಷರ ಕತ್ತರಿಸಿ ಅಂಟಿಸಿದ ನಾಮಫಲಕ. ಹಳೆಯ ಜಿಗ್‌ಸಾ (ಬ್ಲೇಡು ಮೇಲೆ ಕೆಳಗೆ ಓಡಿ ಕತ್ತರಿಸುವ, ಕೈಯಲ್ಲಿ ಹಿಡಿಯುವ ಕರೆಂಟಿನ ಗರಗಸ) ಕೈಕೊಟ್ಟಿದೆ, ಬ್ಲೇಡು ಸೇರಿ ಆರು ಸಾವಿರ ದಾಟುವಂತಿಲ್ಲ. ಹೆಸರೇ ಕೇಳಿರದ ಕಂಪನಿಯ 800 ವ್ಯಾಟ್ ಮಷೀನು ಎರಡು ಸಾವಿರದ ಆಸುಪಾಸಿಗೆ ಸಿಗುತ್ತಿರುವಾಗ, ಹೆಸರಾಂತ ಕಂಪನಿಯ 450 ವ್ಯಾಟ್ ಮಷೀನಿಗೆ ಅದರ ಎರಡರಷ್ಟು ಯಾಕೆ ಕೊಡಬೇಕು ಅನ್ನುವುದು ನಿಮ್ಮ ಪ್ರಶ್ನೆ.

ನನ್ನ ಸಲಹೆ ಕೇಳಿದರೆ 450 ವ್ಯಾಟಿನದ್ದೇ ತಗೊಳ್ಳಿ. ಮತ್ತು ಆರು ಸಾವಿರವನ್ನೂ ಮಷೀನಿಗೇ ಸುರಿಯಬೇಡಿ, ಒಂದು ಸಾವಿರವನ್ನಾದರೂ ಬ್ಲೇಡಿಗೆ ಅಂತ ಎತ್ತಿಡಿ.

ಯಾಕೆ ಅಂತ ಹೇಳುತ್ತೇನೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್ ಹೊಲಿಗೆ ಯಂತ್ರದಲ್ಲಿ ಸೂಜಿ ಇರುವ ಜಾಗಕ್ಕೆ ಗರಗಸದ ಬ್ಲೇಡು ಸಿಕ್ಕಿಸಿ ಜಿಗ್‌ಸಾ ಮಾಡಿದರು ಅನ್ನುವುದು ಈ ಕಸುಬಿನಲ್ಲಿ ಎಲ್ಲರೂ ಹೇಳುವ ಕಥೆ. ಆ ಕಂಪನಿ ಮುಂದೆ ಬಾಷ್ ಪಾಲಾಯಿತು. ಇವತ್ತಿನ ಜಿಗ್‌ಸಾ ಕೂಡ ಹಾಗೇ ಇದೆ: ಬ್ಲೇಡು ಸೂಜಿಯ ಹಾಗೆ ಮೇಲ್ತುದಿಯಲ್ಲಿ ಮಾತ್ರ ಹಿಡಿತದಲ್ಲಿರುತ್ತದೆ, ಕೆಳತುದಿ ಸ್ವತಂತ್ರ. ಮೇಲೆ ಕೂದಲೆಳೆಯಷ್ಟು ಅಲುಗಾಡಿದರೂ ಮರದ ತಳದಲ್ಲಿ ಅದು ಎರಡು ಮೂರು ಎಂ.ಎಂ. ವಾಲಿರುತ್ತದೆ. ಮೇಲಿನಿಂದ ನೋಡಿದರೆ ಗೆರೆಯ ಮೇಲೇ ಕತ್ತರಿಸಿದ್ದೀರಿ. ತಿರುಗಿಸಿ ನೋಡಿದರೆ ಅಂಚು ಓರೆ. ಈ ಅಲುಗಾಟವನ್ನು 800 ವ್ಯಾಟ್ ಮೋಟಾರು ಸರಿ ಮಾಡುವುದಿಲ್ಲ. ಅದನ್ನು ತಡೆಯುವುದು ಮೂರು ಭಾಗಗಳು: ಮೇಲೆ ಕೆಳಗೆ ಓಡುವ ರಾಡು, ಬ್ಲೇಡಿನ ಬೆನ್ನಿಗೆ ಒತ್ತಿ ನಿಲ್ಲುವ ಸಣ್ಣ ರೋಲರು, ಮತ್ತು ಕೆಳಗಿನ ಬೇಸ್ ಪ್ಲೇಟು. ಅಗ್ಗದ ಮಷೀನಿನಲ್ಲಿ ಕಂಪನಿ ದುಡ್ಡು ಉಳಿಸುವುದು ಈ ಮೂರರಲ್ಲೇ. ನಿಮ್ಮ ಕೆಲಸವೆಲ್ಲ 18 ಎಂ.ಎಂ. ಪ್ಲೈ, 12 ಎಂ.ಎಂ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ). ಅದಕ್ಕೆ 450 ವ್ಯಾಟ್ ಧಾರಾಳವಾಗಿ ಸಾಕು.

ಹಾಗಾಗಿ ಆದಷ್ಟು ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ನೋಡಿ. ಬೆಂಗಳೂರಿನವರಾದರೆ ಎಸ್‌ಜೆಪಿ ರಸ್ತೆಯಲ್ಲಿ ಸಾಲು ಸಾಲು ಟೂಲ್ಸ್ ಅಂಗಡಿಗಳಿವೆ, ಡಬ್ಬ ತೆಗೆದು ತೋರಿಸಿ ಅಂದರೆ ತೋರಿಸುತ್ತಾರೆ. ಪ್ಲಗ್ ಹಾಕುವ ಮೊದಲು ಬ್ಲೇಡು ಸಿಕ್ಕಿಸಿ, ಎರಡು ಬೆರಳಲ್ಲಿ ಅದರ ತುದಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ತಳ್ಳಿ. ಬ್ಲೇಡು ಸ್ವಲ್ಪ ಬಾಗುವುದು ಸಹಜ. ಆದರೆ ರಾಡೇ ಒಳಗೆ ಟಕ ಟಕ ಅಂದರೆ ಆ ಮಷೀನು ಬೇಡ. ಆಮೇಲೆ ಬೇಸ್ ಪ್ಲೇಟಿನ ಮೇಲೆ ಮೂಲೆಮಟ್ಟ ಇಟ್ಟು ಬ್ಲೇಡು ನೆಟ್ಟಗೆ ನಿಂತಿದೆಯಾ ನೋಡಿ. ಬೇಸನ್ನು ಓರೆ ಮಾಡಿ ಮತ್ತೆ ಸೊನ್ನೆಗೆ ತಂದು ಬಿಗಿ ಮಾಡಿ, ಇನ್ನೊಮ್ಮೆ ಮೂಲೆಮಟ್ಟ ಇಡಿ. ಎರಡನೇ ಸಲವೂ ನೆಟ್ಟಗಿದ್ದರೆ ಒಳ್ಳೆಯ ಬೇಸು ಅಂತಲೇ ಅರ್ಥ. ತೆಳು ತಗಡನ್ನು ಒತ್ತಿ ಮಾಡಿದ ಬೇಸುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಇನ್ನು ನೋಡಬೇಕಾದ್ದು ಸ್ಟ್ರೋಕು, ಅಂದರೆ ಬ್ಲೇಡು ಒಂದು ಸಲಕ್ಕೆ ಎಷ್ಟು ಮೇಲೆ ಕೆಳಗೆ ಹೋಗುತ್ತದೆ ಅನ್ನುವುದು. 18 ಎಂ.ಎಂ.ಗಿಂತ ಕಡಿಮೆ ಇರಬಾರದು. ಸ್ಟ್ರೋಕು ಚಿಕ್ಕದಾದರೆ ಹಲ್ಲುಗಳ ನಡುವಿನ ಪುಡಿ ಹೊರಗೆ ಬೀಳದೆ ಅಲ್ಲೇ ಕೂತು ಮರವನ್ನು ಸುಡುತ್ತದೆ. ಉದಾಹರಣೆಗೆ ಮಕಿಟಾ 4329 ಮಾಡೆಲ್ಲಿನಲ್ಲಿ 18 ಎಂ.ಎಂ. ಸ್ಟ್ರೋಕು, 450 ವ್ಯಾಟು, ವೇಗ ಹೆಚ್ಚು ಕಡಿಮೆ ಮಾಡಲು ಡಯಲ್ಲು, ಆರ್ಬಿಟಲ್ ಸೌಲಭ್ಯ (ಅದೇನು ಅಂತ ಮುಂದೆ ಹೇಳುತ್ತೇನೆ) ಎಲ್ಲ ಇವೆ. ಮರದಲ್ಲಿ 65 ಎಂ.ಎಂ. ಆಳ ಕತ್ತರಿಸುತ್ತದೆ ಅನ್ನುತ್ತಾರೆ. ಬಾಷಿನಲ್ಲೂ ಇದೇ ವರ್ಗದ ಮಷೀನುಗಳಿವೆ. ಎರಡರಲ್ಲಿ ಯಾವುದರ ಸರ್ವಿಸ್ ಸೆಂಟರ್ ನಿಮ್ಮ ಊರಿಗೆ ಹತ್ತಿರವೋ ಅದನ್ನೇ ಆರಿಸಿಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ವರ್ಷ ಕಳೆದ ಮೇಲೆ ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆಯುತ್ತದೆ, ಸ್ವಿಚ್ಚು ಹೋಗುತ್ತದೆ. ಬಿಡಿಭಾಗ ಸಿಗುವ ಮಷೀನು ಆಗ ಮತ್ತೆ ಓಡುತ್ತದೆ, ಹೆಸರಿಲ್ಲದ್ದು ಗುಜರಿಗೆ ಹೋಗುತ್ತದೆ.

65 ಎಂ.ಎಂ. ಅಂತ ಬರೆದಿದೆಯಲ್ಲ ಎಂದು ದಪ್ಪ ಹಲಸಿನ ತೊಲೆಗೆ ಹಚ್ಚಬೇಡಿ. ಮಷೀನು ಕತ್ತರಿಸುತ್ತದೆ, ನಿಜ. ಆದರೆ ಒಂದೂವರೆ ಇಂಚು ದಾಟಿದ ಮೇಲೆ ಎಂಥ ಮಷೀನಿನಲ್ಲೂ ಬ್ಲೇಡು ದಾರಿ ತಪ್ಪತೊಡಗುತ್ತದೆ.

ಆರ್ಬಿಟಲ್ ಬೇಕೇ ಬೇಕು. ಬೇಸಿನ ಹತ್ತಿರ ಸೊನ್ನೆಯಿಂದ ಮೂರರವರೆಗೆ ತಿರುಗುವ ಒಂದು ಲಿವರು ಇರುತ್ತದೆ. ಅದನ್ನು ಏರಿಸಿದಷ್ಟೂ ಬ್ಲೇಡು ಮೇಲೆ ಬರುವಾಗ ಮುಂದಕ್ಕೂ ತೂಗಿ ಮರವನ್ನು ಬೇಗ ಕೊಯ್ಯುತ್ತದೆ, ಅಂಚು ಮಾತ್ರ ಒರಟಾಗುತ್ತದೆ. ದಪ್ಪ ಮರ, ನೇರ ಗೆರೆ ಇದ್ದಾಗ ಎರಡಕ್ಕೋ ಮೂರಕ್ಕೋ ಇಡಿ. ಪ್ಲೈಯಲ್ಲಿ ತಿರುವು, ಅಕ್ಷರ, ತಗಡು ಅಂದರೆ ಸೊನ್ನೆ.

ಈಗ ಬ್ಲೇಡಿಗೆ ಬರೋಣ, ಅರ್ಧ ಕೆಲಸ ಇಲ್ಲೇ ಇದೆ. ಮಷೀನು ಟಿ ಶ್ಯಾಂಕ್ ಬ್ಲೇಡು ಹಿಡಿಯುವಂಥದ್ದೇ ಇರಲಿ. ಶ್ಯಾಂಕ್ ಅಂದರೆ ಬ್ಲೇಡಿನಲ್ಲಿ ಮಷೀನಿನೊಳಗೆ ಕೂರುವ ತುದಿ. ಸ್ಕ್ರೂ ಬಿಗಿದು ಹಾಕುವ ಹಳೇ ಯು ಶ್ಯಾಂಕಿಗೆ ಈಗ ಬ್ಲೇಡು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಬ್ಲೇಡಿನ ಮೇಲಿನ ನಂಬರನ್ನು ಓದಲು ಕಲಿತರೆ ಅಂಗಡಿಯವರು ಕೊಟ್ಟಿದ್ದನ್ನು ತರಬೇಕಾಗಿಲ್ಲ. ಟಿ ಅಂದರೆ ಶ್ಯಾಂಕಿನ ಆಕಾರ. ನಂತರದ ಮೊದಲ ಅಂಕಿ ಉದ್ದ: 1 ಅಂದರೆ ಮಾಮೂಲಿ, 2 ಮತ್ತು 3 ಇನ್ನೂ ಉದ್ದ. ಕೊನೆಯ ಅಕ್ಷರಗಳಲ್ಲಿ ಎ ಅಂದರೆ ಸಣ್ಣ ಹಲ್ಲು, ಬಿ, ಸಿ ದಾಟಿ ಡಿಗೆ ಬರುವಷ್ಟರಲ್ಲಿ ದೊಡ್ಡ ಹಲ್ಲು. ಒ ಇದ್ದರೆ ತಿರುವಿಗೆಂದೇ ಮಾಡಿದ ಕಿರಿದಾದ ಬ್ಲೇಡು. ಆರ್ ಇದ್ದರೆ ಹಲ್ಲು ಉಲ್ಟಾ. ಎಫ್ ಇದ್ದರೆ ಬೈಮೆಟಲ್, ಅಂದರೆ ಎರಡು ಲೋಹ ಬೆಸೆದದ್ದು, ಬಾಳಿಕೆ ಜಾಸ್ತಿ.

ನಿಮಗೆ ಬೇಕಾದ್ದು ಮೂರು ಪ್ಯಾಕೆಟ್. ಪ್ಲೈ ಮತ್ತು ಹಲಗೆಯನ್ನು ನುಣುಪಾಗಿ ಕತ್ತರಿಸಲು ಟಿ 101 ಬಿ. ದಪ್ಪ ಮರವನ್ನು ಬೇಗ ಕೊಯ್ಯಲು ಟಿ 144 ಡಿ. ಅಕ್ಷರಗಳಿಗೆ ಟಿ 101 ಎಒ. ಸನ್‌ಮೈಕಾ ಅಂಟಿಸಿದ ಹಲಗೆ ಇದ್ದರೆ ಮಾತ್ರ ಟಿ 101 ಬಿಆರ್. ಸಾಮಾನ್ಯ ಬ್ಲೇಡು ಮೇಲಕ್ಕೆ ಬರುವಾಗ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲಿನ ಮೈಯಲ್ಲಿ. ಅದಕ್ಕೇ ಗೆರೆಯನ್ನು ಹಲಗೆಯ ಹಿಂಬದಿಗೆ ಎಳೆದು, ಚೆಂದದ ಮೈಯನ್ನು ಕೆಳಗೆ ಮಾಡಿ ಕತ್ತರಿಸಬೇಕು. ಉಲ್ಟಾ ಹಲ್ಲಿನದು ಮೇಲ್ಮೈಯನ್ನು ಉಳಿಸುತ್ತದೆ, ಆದರೆ ಮಷೀನನ್ನು ಮೇಲಕ್ಕೆ ಎತ್ತುತ್ತಿರುತ್ತದೆ, ಕೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ನಾಮಫಲಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನಿಮ್ಮ ಮಷೀನಿಗೆ ನಿಜವಾದ ಪರೀಕ್ಷೆ ಅದೇ. ಕನ್ನಡದ ಅಕ್ಷರಗಳಲ್ಲಿ ನೇರ ಗೆರೆ ಎಲ್ಲಿದೆ? ‘ವೈಕುಂಠ’ ಅಂತ ಮನೆಯ ಹೆಸರು ಕತ್ತರಿಸಬೇಕು ಅಂದುಕೊಳ್ಳಿ. ಅನುಸ್ವಾರದ ಸೊನ್ನೆ ಒಂದು ಬಳೆ, ‘ಠ’ ಇನ್ನೊಂದು ಬಳೆ, ಅದರ ಹೊಟ್ಟೆಯೊಳಗೆ ಒಂದು ಚುಕ್ಕಿ. ಮೊದಲು ಒಳಭಾಗ ಕತ್ತರಿಸಿ, ಆಮೇಲೆ ಹೊರಗಿನ ಅಂಚು. ಹೊರಗಿನದನ್ನು ಮೊದಲು ಬಿಡಿಸಿಬಿಟ್ಟರೆ ಕ್ಲ್ಯಾಂಪ್ ಹಾಕಲು ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಬಳೆಯ ಒಳಗೆ 8 ಎಂ.ಎಂ. ಡ್ರಿಲ್ಲಿನಲ್ಲಿ ತೂತು ಕೊರೆದು, ಅದರೊಳಗೆ ಬ್ಲೇಡು ಇಳಿಸಿ, ಬೇಸು ಹಲಗೆಗೆ ಪೂರ್ತಿ ಕೂತ ಮೇಲೆ ಸ್ವಿಚ್ಚು ಒತ್ತಿ. ಚುಕ್ಕಿಯನ್ನು ಬೇರೆ ತುಂಡಿನಲ್ಲಿ ಮಾಡಿ ಕೊನೆಗೆ ಅಂಟಿಸುವುದೇ ಸುಲಭ. ತಲೆಕಟ್ಟು ಅಕ್ಷರದ ಮೈಗೆ ಸೇರುವ ಕಡೆ ಒಂದು ಚೂಪು ಮೂಲೆ ಬರುತ್ತದಲ್ಲ, ಅಲ್ಲಿ ಬ್ಲೇಡನ್ನು ತಿರುಗಿಸಲು ಹೋಗಬೇಡಿ. ಒಂದು ಕಡೆಯಿಂದ ಮೂಲೆಯವರೆಗೆ ಬಂದು ನಿಲ್ಲಿಸಿ, ಹಿಂದೆ ಬಂದು, ಇನ್ನೊಂದು ಕಡೆಯಿಂದ ಅದೇ ಮೂಲೆಗೆ ಬನ್ನಿ. ತಿರುವಿನಲ್ಲಿ ಮಷೀನನ್ನು ಪಕ್ಕಕ್ಕೆ ನೂಕಿದರೆ ಕಿರಿದಾದ ಬ್ಲೇಡು ನೀಲಿಗಟ್ಟಿ ಮುರಿಯುತ್ತದೆ. ಬ್ಲೇಡು ತನ್ನ ದಾರಿ ಕೊಯ್ದುಕೊಳ್ಳಲು ಬಿಡಿ, ನಿಮ್ಮ ಕೈ ಅದರ ಹಿಂದೆಯೇ ಹೋಗಲಿ. ಅಲುಗಾಡುವ ರಾಡಿನ ಮಷೀನಿನಲ್ಲಿ ಈ ಕೆಲಸ ಆಗುವುದೇ ಇಲ್ಲ. ಬಳೆಯ ಮುಂಭಾಗ ದುಂಡಗೆ, ಹಿಂಭಾಗ ಮೊಟ್ಟೆಯಾಕಾರ ಬರುತ್ತದೆ.

ಬ್ಯಾಟರಿಯ ಜಿಗ್‌ಸಾ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ಹತ್ತಿರ ಈಗಾಗಲೇ ಯಾವುದಾದರೂ ಕಂಪನಿಯ 18 ವೋಲ್ಟ್ ಡ್ರಿಲ್ಲು, ಬ್ಯಾಟರಿ, ಚಾರ್ಜರ್ ಇದ್ದರೆ ಅದೇ ಕಂಪನಿಯ ಬರಿ ಮಷೀನಿನ ಬೆಲೆ ವಿಚಾರಿಸಿ. ಇಲ್ಲವಾದರೆ ಈ ಬಜೆಟ್ಟಿನಲ್ಲಿ ವೈರಿನದ್ದೇ ಸರಿ, ಬ್ಯಾಟರಿ ಮತ್ತು ಚಾರ್ಜರಿಗೇ ದುಡ್ಡು ಮುಗಿಯುತ್ತದೆ.

ಒಂದು ವಿಷಯವನ್ನು ಮಾತ್ರ ಬಜೆಟ್ಟಿನಿಂದ ಕೈಬಿಡಬೇಡಿ, ಅದು ಮಾಸ್ಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಸೇರಿಸಿದೆ. ಎಂಡಿಎಫ್ ದೂಳು ಹಿಟ್ಟಿನಷ್ಟು ನುಣುಪು, ಕರವಸ್ತ್ರ ಕಟ್ಟಿಕೊಂಡರೆ ತಡೆಯುವುದಿಲ್ಲ. ಎನ್95 ಮಾಸ್ಕು, ಒಂದು ಕನ್ನಡಕ, ಎರಡೂ ಸೇರಿ ಒಂದು ಪ್ಯಾಕೆಟ್ ಬ್ಲೇಡಿನಷ್ಟೇ ಖರ್ಚು. ಮನೆಯಲ್ಲಿ ಮಕ್ಕಳಿದ್ದಾರೆ ಅಂದಿದ್ದೀರಿ, ಹಾಗಾಗಿ ಕೋಣೆಯೊಳಗೆ ಕತ್ತರಿಸದೆ ತಾರಸಿಯಲ್ಲೋ ಅಂಗಳದಲ್ಲೋ ಮಾಡಿ.

ಶೆಲ್ಫಿಗೆ ಬೇಕಾದ ಉದ್ದನೆಯ ನೇರ ಕಟ್‌ಗಳನ್ನು ಜಿಗ್‌ಸಾದಲ್ಲಿ ಮಾಡುವುದೇ ಬೇಡ. ಎಂಟಡಿ ನಾಲ್ಕಡಿ ಶೀಟು ತರುವಾಗಲೇ ಅಳತೆಯ ಚೀಟಿ ಕೊಟ್ಟರೆ ಎಷ್ಟೋ ಪ್ಲೈವುಡ್ ಅಂಗಡಿಗಳವರು ಟೇಬಲ್ ಸಾದಲ್ಲಿ ಕತ್ತರಿಸಿ ಕೊಡುತ್ತಾರೆ, ಒಂದು ಕಟ್‌ಗೆ ಇಷ್ಟು ಅಂತ ಸ್ವಲ್ಪ ದುಡ್ಡು ತಗೊಳ್ಳುತ್ತಾರೆ. ಅನಿವಾರ್ಯವಾದರೆ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಎರಡು ಕ್ಲ್ಯಾಂಪಿನಲ್ಲಿ ಬಿಗಿದು, ಬೇಸಿನ ಅಂಚನ್ನು ಅದಕ್ಕೆ ಆನಿಸಿಕೊಂಡು ಹೋಗಿ. ಪಟ್ಟಿಯನ್ನು ಎಲ್ಲಿ ಇಡಬೇಕು ಅಂತ ತಿಳಿಯಲು ಬ್ಲೇಡಿನಿಂದ ಬೇಸಿನ ಅಂಚಿಗೆ ಎಷ್ಟು ದೂರ ಅಂತ ಒಮ್ಮೆ ಅಳೆದು ಮಷೀನಿನ ಮೇಲೇ ಮಾರ್ಕರಿನಲ್ಲಿ ಬರೆದಿಟ್ಟುಕೊಳ್ಳಿ.

ನೀವು ಯಾವ ಊರಿನವರು ಅಂತ ಬರೆದಿಲ್ಲ. ಕೊಳ್ಳುವ ಮುನ್ನ ಎರಡು ಮಾಡೆಲ್ಲಿನ ಹೆಸರು ಇಲ್ಲಿ ಹಾಕಿದರೆ ಸ್ಟ್ರೋಕು, ಆರ್ಬಿಟಲ್ ಎಲ್ಲ ನೋಡಿ ಯಾವುದು ವಾಸಿ ಅಂತ ಹೇಳುತ್ತೇನೆ.